ಓದುವ ಮಗುವಿಗೆ ಮೆಟ್ಟಿಲುಗಳು: ಹೊರನಾಡಿನ ಮನೆಗಳಲ್ಲಿ ಮಕ್ಕಳ ಪುಸ್ತಕಮಾಲೆಗಳು

ಎರಡು ವರ್ಷಗಳ ಹಿಂದೆ ನನ್ನ ತಾಯಿಯವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಗದಗಿನಿಂದ ಮುಂಬಯಿಗೆ ಬಂದಿದ್ದರು. ಬರುವಾಗ ಮೊಮ್ಮಗಳಿಗೆಂದು ಟ್ರಂಕಿನ ತಳದಲ್ಲಿದ್ದ ‘ಚಂದಮಾಮ’ದ ಹಳೆಯ ಸಂಚಿಕೆಗಳ ಒಂದು ಕಟ್ಟನ್ನು ತಂದಿದ್ದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಹೊಸ ಕನ್ನಡಕ ಬರುವವರೆಗೆ ಸಣ್ಣ ಅಕ್ಷರಗಳು ಅವರಿಗೆ ಕಾಣುವಂತಿರಲಿಲ್ಲ. ಒಂದು ಸಂಜೆ ಮೂರನೆಯ ತರಗತಿಯ ಮೊಮ್ಮಗಳನ್ನು ಹತ್ತಿರ ಕರೆದು, “ಒಂದ್ ಬೇತಾಳನ ಕಥಿ ಓದಿ ಹೇಳವಾ” ಎಂದರು.

“ಅಜ್ಜಿ, ನನಗ ಕನ್ನಡ ಮಾತಾಡ್ಲಿಕ್ಕೆ ಬರ್ತದ, ಓದ್ಲಿಕ್ಕೆ ಬರೂದಿಲ್ಲ” ಎಂದಳು ಹುಡುಗಿ.

ತಾಯಿಯವರು “ಇರ್ಲಿ ಬಿಡವಾ” ಎಂದು ಆ ಕಟ್ಟನ್ನು ದಿಂಬಿನ ಬದಿಗೆ ಸರಿಸಿದರು. ನನ್ನನ್ನು ಅವರು ಏನೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ, ಸಂಘದ ರಾಜ್ಯೋತ್ಸವಕ್ಕೆ ತಪ್ಪದೆ ಹೋಗುತ್ತೇವೆ, ಮಗಳು ವೇದಿಕೆಯ ಮೇಲೆ ಹಾಡನ್ನೂ ಹೇಳಿದ್ದಾಳೆ ಎಂಬ ಸಮಾಧಾನದಲ್ಲಿ ನಾನಿದ್ದೆ. ಆ ಹಾಡನ್ನು ಆಕೆ ರೋಮನ್ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದಳೆಂಬುದು ಅಂದು ನೆನಪಾಯಿತು.

ಇದು ನಮ್ಮೊಂದು ಮನೆಯ ಕಥೆಯಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಅನೇಕ ಕುಟುಂಬಗಳಲ್ಲಿ ಎರಡನೆಯ ತಲೆಮಾರು ಕನ್ನಡವನ್ನು ಕಿವಿಯಿಂದ ಬಲ್ಲದು, ಕಣ್ಣಿನಿಂದ ಅರಿಯದು. ಮೂರನೆಯ ತಲೆಮಾರಿಗೆ ಕಿವಿಯ ಕನ್ನಡವೂ ಉಳಿಯುವುದು ಕಷ್ಟ. ಇದಕ್ಕೆ ಪರಿಹಾರವು ನಾವು ಭಾವಿಸಿದಷ್ಟು ದೂರದಲ್ಲಿಲ್ಲವೆಂದೂ, ಅದು ಮಕ್ಕಳ ಸಣ್ಣ ಸಣ್ಣ ಪುಸ್ತಕಮಾಲೆಗಳಲ್ಲಿ ಇದೆಯೆಂದೂ ಈ ಎರಡು ವರ್ಷಗಳಲ್ಲಿ ನಾನು ಕಂಡುಕೊಂಡಿದ್ದೇನೆ. ನನ್ನ ತಪ್ಪುಗಳನ್ನೂ ಸೇರಿಸಿ ಅದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಓದು ತಾನಾಗಿ ಬರುವುದಿಲ್ಲ

ಮಾತು ಮಗುವಿಗೆ ಕೇಳಿಕೆಯಿಂದಲೇ ಬರುತ್ತದೆ. ಓದು ಹಾಗಲ್ಲ, ಅದನ್ನು ಕಲಿಸಬೇಕಾಗುತ್ತದೆ. ಆಕಾರಗಳನ್ನು ಗುರುತಿಸುವ ಮೆದುಳಿನ ಎಡಭಾಗದ ಒಂದು ಪ್ರದೇಶವು ದೀರ್ಘ ಅಭ್ಯಾಸದಿಂದ ಅಕ್ಷರ ಮತ್ತು ಪದಗಳನ್ನು ಗುರುತಿಸುವ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಆ ಅಭ್ಯಾಸವಾಗುವ ತನಕ ಮಗು ಒಂದೊಂದು ಅಕ್ಷರವನ್ನೂ ಕೂಡಿಸಿ ಪದ ಮಾಡಬೇಕು, ಪದಗಳನ್ನು ಕೂಡಿಸಿ ವಾಕ್ಯ ಮಾಡಬೇಕು. ವಾಕ್ಯದ ಕೊನೆಯನ್ನು ಮುಟ್ಟುವ ಹೊತ್ತಿಗೆ ಅದರ ಆರಂಭ ಮರೆತುಹೋಗಿರುತ್ತದೆ. ಅರ್ಥವಾಗದ ಓದಿನಲ್ಲಿ ರಸವಿಲ್ಲ, ರಸವಿಲ್ಲದ ಓದನ್ನು ಯಾವ ಮಗುವೂ ಮುಂದುವರಿಸುವುದಿಲ್ಲ.

ಆದುದರಿಂದಲೇ ಶಿಕ್ಷಣತಜ್ಞರು ಓದಿನ ಸರಾಗತೆಗೆ ಅಷ್ಟೊಂದು ಮಹತ್ವ ಕೊಡುತ್ತಾರೆ. ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಕಾರ್ಯಕ್ರಮವು ಮೂರನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥವರಿತು ಓದಬೇಕೆಂಬ ಗುರಿಯನ್ನಿಟ್ಟಿದೆ. ಕನ್ನಡಕ್ಕೆ ಈ ಲೆಕ್ಕವನ್ನು ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳಬೇಕು. ‘ಮನೆಯಲ್ಲಿದ್ದವರಿಗೂ’ ಎಂಬ ನಮ್ಮ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದಗಳು ಬೇಕಾಗುತ್ತವೆ. ಆದರೆ ತತ್ತ್ವ ಒಂದೇ. ಅಕ್ಷರಮಾಲೆ ಕಲಿಸಿದೊಡನೆ ಓದು ಬಂದಂತಾಗಲಿಲ್ಲ. ಅಕ್ಷರಜ್ಞಾನಕ್ಕೂ ಸರಾಗವಾದ ಓದಿಗೂ ನಡುವೆ ಒಂದು ಹೊಳೆಯಿದೆ. ಅದನ್ನು ದಾಟಿಸುವ ದೋಣಿಗಳೇ ಮಕ್ಕಳ ಪುಸ್ತಕಮಾಲೆಗಳು.

ಒಂದೇ ಪುಸ್ತಕ ಏಕೆ ಸಾಲದು?

ಒಂದು ಉತ್ತಮ ಪುಸ್ತಕವನ್ನು ಕೊಟ್ಟರೆ ಸಾಲದೆ, ಮಾಲೆಯೇ ಏಕೆ ಬೇಕೆಂದು ಕೇಳಬಹುದು. ಇದಕ್ಕೆ ಉತ್ತರವನ್ನು ಇಂಗ್ಲಿಷ್ ಪ್ರಕಾಶಕರ ಅನುಭವದಿಂದ ತಿಳಿಯಬಹುದು.

1950ರ ದಶಕದ ಅಮೆರಿಕದಲ್ಲಿ, ಶಾಲೆಯ ಪ್ರಥಮ ವಾಚಿಕೆಗಳು ನೀರಸವಾಗಿರುವುದರಿಂದಲೇ ಮಕ್ಕಳು ಓದಿನಿಂದ ವಿಮುಖರಾಗುತ್ತಿದ್ದಾರೆಂಬ ಟೀಕೆ ಕೇಳಿಬಂತು. ಆಗ ಡಾಕ್ಟರ್ ಸ್ಯೂಸ್ ಎಂಬ ಕಾವ್ಯನಾಮದ ಲೇಖಕನಿಗೆ ಪ್ರಕಾಶಕರು ಸುಲಭ ಪದಗಳ ಒಂದು ಪಟ್ಟಿಯನ್ನು ಕೊಟ್ಟು, ಅವುಗಳಿಂದಲೇ ಮಕ್ಕಳು ಕೈಯಿಂದ ಕೆಳಗಿಡಲಾಗದ ಕಥೆಯನ್ನು ಬರೆಯಬೇಕೆಂದು ಕೇಳಿದರು. 1957ರಲ್ಲಿ ಹೊರಬಂದ ‘ದಿ ಕ್ಯಾಟ್ ಇನ್ ದ ಹ್ಯಾಟ್’ ಪುಸ್ತಕದಲ್ಲಿ ಬಳಕೆಯಾದ ಬೇರೆ ಬೇರೆ ಪದಗಳು ಕೇವಲ 236. ಇಂಗ್ಲೆಂಡಿನಲ್ಲಿ ವಿಲಿಯಂ ಮರ್ರೆ ಎಂಬ ಶಿಕ್ಷಣತಜ್ಞರು, ನಾವು ಓದುವ ಇಂಗ್ಲಿಷಿನ ಕಾಲುಭಾಗವು ಹನ್ನೆರಡೇ ಪದಗಳಿಂದಲೂ, ಅರ್ಧಭಾಗವು ಸುಮಾರು ನೂರು ಪದಗಳಿಂದಲೂ ಆದುದೆಂಬ ತಳಹದಿಯ ಮೇಲೆ ಲೇಡಿಬರ್ಡ್ ಸಂಸ್ಥೆಗಾಗಿ ಒಂದು ಮಾಲೆಯನ್ನು ರಚಿಸಿದರು. 1964ರಿಂದ ಪ್ರಕಟವಾದ ಆ ಮಾಲೆಯಲ್ಲಿ ಹನ್ನೆರಡು ಹಂತಗಳು, ಹಂತಕ್ಕೆ ಮೂರರಂತೆ 36 ಪುಸ್ತಕಗಳು. ಪೀಟರ್ ಮತ್ತು ಜೇನ್ ಎಂಬ ಅಣ್ಣ-ತಂಗಿಯರ ಆ ಪುಸ್ತಕಗಳನ್ನು ನಮ್ಮ ನಗರಗಳ ಕಾನ್ವೆಂಟ್ ಶಾಲೆಗಳಲ್ಲಿ ಓದಿದವರು ಈ ಸಂಚಿಕೆಯ ಓದುಗರಲ್ಲಿಯೂ ಇದ್ದಾರು. ಇನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಎನಿಡ್ ಬ್ಲೈಟನ್ನರ ‘ಫೇಮಸ್ ಫೈವ್’ ಇದ್ದೇ ಇದೆ. 1942ರಿಂದ 1963ರವರೆಗೆ ಅದರಲ್ಲಿ 21 ಕಾದಂಬರಿಗಳು ಬಂದವು.

ಇವುಗಳ ಗುಟ್ಟೇನು? ಮೊದಲ ಪುಸ್ತಕದಲ್ಲಿ ಮಗು ಕಷ್ಟಪಟ್ಟು ಗುರುತಿಸಿಕೊಂಡ ಪಾತ್ರ, ಪದ, ವಾಕ್ಯರೀತಿ ಎರಡನೆಯದರಲ್ಲಿ ಹಳೆಯ ಸ್ನೇಹಿತರಂತೆ ಮತ್ತೆ ಸಿಗುತ್ತವೆ. ಮೂರನೆಯದರ ಹೊತ್ತಿಗೆ ಕಣ್ಣು ಓಡತೊಡಗುತ್ತದೆ. ‘ಮುಂದಿನದು ಎಲ್ಲಿದೆ?’ ಎಂದು ಮಗು ತಾನಾಗಿ ಕೇಳುತ್ತದೆ. ಸಾಹಿತ್ಯಗುಣದ ದೃಷ್ಟಿಯಿಂದ ಇಂಥ ಮಾಲೆಗಳ ಮೇಲೆ ಆಕ್ಷೇಪಗಳಿವೆ. ಒಂದೇ ಅಚ್ಚಿನ ಕಥೆಗಳೆಂದು ಬ್ಲೈಟನ್ನರನ್ನು ಹಳಿದವರು ಅನೇಕರು. ಆದರೆ ದೊಡ್ಡವರಿಗೆ ಬೇಸರ ತರುವ ಆ ಪುನರಾವೃತ್ತಿಯೇ ಓದು ಕಲಿಯುವ ಮಗುವಿಗೆ ಆಧಾರ.

ಕನ್ನಡದಲ್ಲಿ ಮಾಲೆಗಳಿಲ್ಲವೆ?

ಖಂಡಿತ ಇವೆ. ಮಂಗಳೂರಿನ ಪಂಜೆ ಮಂಗೇಶರಾಯರು (1874–1937) ಶಾಲೆಯ ಮಕ್ಕಳಿಗಾಗಿ ಕಥೆ ಕವಿತೆಗಳನ್ನು ಬರೆದು ಈ ಹಾದಿಯನ್ನು ತೆರೆದರು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದು ಕನ್ನಡದ ಮಗುವಿಗೆ ಲೋಕಜ್ಞಾನದ ಬಾಗಿಲನ್ನು ತೆರೆದರು. ಜಿ.ಪಿ. ರಾಜರತ್ನಂ, ಹೊಯ್ಸಳ ಮೊದಲಾದವರ ಶಿಶುಪದ್ಯಗಳು ನಮ್ಮ ತಂದೆತಾಯಿಗಳ ನಾಲಗೆಯ ಮೇಲೆ ಇಂದಿಗೂ ಇವೆ.

ಗಮನಾರ್ಹವಾದ ಇನ್ನೊಂದು ಸಂಗತಿಯಿದೆ. ಕನ್ನಡದ ಮಕ್ಕಳು ಅತಿ ಹೆಚ್ಚು ಪ್ರೀತಿಸಿದ ಓದಿನಲ್ಲಿ ಒಂದು ಪಾಲು ಹುಟ್ಟಿದ್ದೇ ಕರ್ನಾಟಕದ ಹೊರಗೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ವು 1949ರಲ್ಲಿ ಕನ್ನಡಕ್ಕೂ ಬಂತು. ಚಿತ್ರಕಾರ ಶಂಕರ್ ಅವರು ಬರೆದ, ಹೆಗಲ ಮೇಲೆ ಶವವನ್ನು ಹೊತ್ತು ನಡೆಯುವ ವಿಕ್ರಮರಾಜನ ಚಿತ್ರವನ್ನು ಮರೆಯುವುದುಂಟೆ? ಆ ಪತ್ರಿಕೆ 2010ರ ದಶಕದಲ್ಲಿ ನಿಂತುಹೋಯಿತು. ಹಳೆಯ ಸಂಚಿಕೆಗಳು ಮಾತ್ರ ಊರಿನ ಅಟ್ಟಗಳಲ್ಲಿ ಇನ್ನೂ ಸಿಗುತ್ತವೆ.

‘ಅಮರ ಚಿತ್ರ ಕಥೆ’ಯ ಸಂಪಾದಕ ಅನಂತ ಪೈಯವರಂತೂ (1929–2011) ನಮ್ಮಂತೆಯೇ ಊರು ಬಿಟ್ಟು ಬಂದವರು. ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿದರು. 1967ರಲ್ಲಿ ದೆಹಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ನಮ್ಮ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಅವರು ಈ ಕಾರ್ಯಕ್ಕೆ ತೊಡಗಿದರೆಂಬುದು ಪ್ರಸಿದ್ಧವಾದ ಪ್ರಸಂಗ. ಆ ಮಾಲೆಯಲ್ಲಿ ‘ಕೃಷ್ಣ’ ಪುಸ್ತಕದ ಸಂಖ್ಯೆ 11. ಅದಕ್ಕೆ ಮುಂಚಿನ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಮಕ್ಕಳ ಕಥೆಗಳವು, ಅವು ಬಂದದ್ದು ಕನ್ನಡದಲ್ಲಿ.

1970ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಸಾಹಿತ್ಯವು ಪ್ರೊ. ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ‘ಭಾರತ-ಭಾರತಿ’ ಪುಸ್ತಕ ಸಂಪದವನ್ನು ಆರಂಭಿಸಿತು. ಋಷಿಗಳು, ಕವಿಗಳು, ವಿಜ್ಞಾನಿಗಳು, ಸ್ವಾತಂತ್ರ್ಯಯೋಧರು ಮುಂತಾದವರನ್ನು ಕುರಿತ ಐನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳು ಅದರಲ್ಲಿ ಬಂದವು. ಜೇಬಿನಲ್ಲಿ ಹಿಡಿಸುವ ಆ ಪುಸ್ತಿಕೆಗಳನ್ನು ಶಾಲೆಯ ಬಹುಮಾನವಾಗಿ ಪಡೆಯದ ನನ್ನ ವಯಸ್ಸಿನವರು ವಿರಳ. ದೆಹಲಿಯಲ್ಲಿ 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆಯಲ್ಲಿ ಸಚಿತ್ರ ಕಥೆಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಅಗ್ಗದ ಬೆಲೆಗೆ ಕೊಟ್ಟಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಮಕ್ಕಳ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ ಪ್ರಕಟಿಸುತ್ತದೆ. ಅದು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಯಾರೂ ಹಣ ತೆರದೆ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಗಾಂಧಿನಗರಕ್ಕೋ ಅವೆನ್ಯೂ ರಸ್ತೆಗೋ ಹೋಗಿ ಪುಸ್ತಕ ತರಲಾಗದ ಹೊರನಾಡಿನ ಮನೆಗಳಿಗೆ ಇದು ದೊಡ್ಡ ಅನುಕೂಲ.

ನಮ್ಮ ಮಕ್ಕಳ ಕಷ್ಟವೂ ಅನುಕೂಲವೂ

ಹೊರನಾಡಿನ ಮಗು ಕನ್ನಡ ಲಿಪಿಯನ್ನು ಬರಿಗೈಯಿಂದ ಕಲಿಯತೊಡಗುವುದಿಲ್ಲ. ಮುಂಬಯಿ, ಪುಣೆ, ದೆಹಲಿಗಳ ಮಗುವಿಗೆ ಶಾಲೆಯಲ್ಲಿ ದೇವನಾಗರಿ ಬಂದಿರುತ್ತದೆ. ಕ, ಖ, ಗ ಎಂಬ ಕ್ರಮವೂ ಕಾಗುಣಿತದ ಕಲ್ಪನೆಯೂ ಎರಡಕ್ಕೂ ಸಮಾನ. ಹೊಸದಾಗಿ ಕಲಿಯಬೇಕಾದುದು ಆಕೃತಿಗಳನ್ನು ಮಾತ್ರ. ಆದರೆ ದೇವನಾಗರಿಯ ರೂಢಿಯಲ್ಲಿ ‘ಎ’ ಮತ್ತು ‘ಏ’, ‘ಒ’ ಮತ್ತು ‘ಓ’ಗಳ ಹ್ರಸ್ವ-ದೀರ್ಘ ಭೇದವಿಲ್ಲ. ಅಲ್ಲಿ ನಮ್ಮ ಮಕ್ಕಳು ಎಡವುತ್ತಾರೆ, ಎಡವುವರೆಂದು ಮೊದಲೇ ತಿಳಿದಿದ್ದರೆ ಗದರುವ ಪ್ರಮೇಯ ಬರುವುದಿಲ್ಲ. ಹೈದರಾಬಾದಿನ ಮಗುವಿಗೆ ತೆಲುಗು ಲಿಪಿ ಬಂದಿದ್ದರೆ ಅರ್ಧ ಕೆಲಸ ಆದಂತೆಯೇ, ಎರಡೂ ಒಂದೇ ತಾಯಿಯ ಮಕ್ಕಳು. ಚೆನ್ನೈಯ ಮಗುವಿಗೆ ಹ್ರಸ್ವ-ದೀರ್ಘಗಳು ಸುಲಭ. ತಮಿಳಿನಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲದ ಗ, ದ, ಬಗಳನ್ನೂ ಮಹಾಪ್ರಾಣಗಳನ್ನೂ ಮಾತ್ರ ನಿಧಾನವಾಗಿ ಕಲಿಸಬೇಕು.

ಎಲ್ಲರಿಗೂ ಸಮಾನವಾದ ಗಟ್ಟಿ ಮೆಟ್ಟಿಲೆಂದರೆ ಒತ್ತಕ್ಷರ. ನಾನು ಎಡವಿದ್ದೂ ಇಲ್ಲಿಯೇ. ಸುಮಾರು ಒಂದು ತಿಂಗಳಲ್ಲಿ ಮಗಳು ಅಕ್ಷರಗಳನ್ನೆಲ್ಲ ಗುರುತಿಸತೊಡಗಿದಳು. ಅದರಿಂದ ಉಬ್ಬಿಹೋದ ನಾನು ಅಜ್ಜಿಯ ‘ಚಂದಮಾಮ’ವನ್ನೇ ತೆರೆದು ಆಕೆಯ ಮುಂದಿಟ್ಟೆ. ಎರಡು ಸಾಲು ಓದಲು ಕಾಲು ಗಂಟೆ ಹಿಡಿಯಿತು. ‘ತ್ರಿವಿಕ್ರಮ’, ‘ವೃತ್ತಾಂತ’, ‘ಶ್ಮಶಾನ’ ಇಂಥ ಪದಗಳ ಮುಂದೆ ಆಕೆಯ ಕಣ್ಣಲ್ಲಿ ನೀರು ಬಂತು. ಮುಂದೆ ಒಂದು ತಿಂಗಳು ಕನ್ನಡ ಪುಸ್ತಕವೆಂದರೆ ಓಡಿಹೋಗುತ್ತಿದ್ದಳು. ತಪ್ಪು ಮಗುವಿನದಲ್ಲ, ಏಳನೆಯ ಮೆಟ್ಟಿಲಿನಿಂದ ಹತ್ತಿಸಲು ಹೊರಟ ನನ್ನದು.

ಇನ್ನೊಂದು ತೊಡಕು ಆಡುನುಡಿಗೂ ಗ್ರಂಥಭಾಷೆಗೂ ಇರುವ ಅಂತರ. ಮನೆಯಲ್ಲಿ ‘ಹೋಗ್ತೀನಿ’ ಅಥವಾ ‘ಹೊಕ್ಕೀನಿ’ ಎಂದು ಕೇಳಿದ ಮಗುವಿಗೆ ಪುಸ್ತಕದ ‘ಹೋಗುತ್ತೇನೆ’ ಹೊಸ ಪದವೇ ಸರಿ. ಈ ಅಂತರವನ್ನು ತುಂಬುವ ಉಪಾಯ ಒಂದೇ: ದೊಡ್ಡವರು ದಿನವೂ ಗಟ್ಟಿಯಾಗಿ ಓದಿ ಹೇಳುವುದು. ಕಿವಿಗೆ ಪರಿಚಯವಾದ ವಾಕ್ಯವನ್ನು ಕಣ್ಣು ಬೇಗ ಗುರುತಿಸುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ?

ಅನುಭವದಿಂದ ನಾನು ಕಂಡುಕೊಂಡ ಕ್ರಮ ಇದು.

ಮೊದಲನೆಯದಾಗಿ, ಪುಟಕ್ಕೆ ಒಂದೆರಡು ಸಾಲುಗಳಿರುವ, ದೊಡ್ಡ ಅಕ್ಷರದ, ಚಿತ್ರವೇ ಮುಖ್ಯವಾದ ಪುಸ್ತಕಗಳು. ಪ್ರಥಮ್ ಬುಕ್ಸ್‌ನ ಮೊದಲ ಹಂತದ ಕಥೆಗಳು ಇದಕ್ಕೆ ತಕ್ಕವು. ಒತ್ತಕ್ಷರಗಳು ವಿರಳವಾಗಿರುವ ಕಥೆಗಳನ್ನು ಆರಿಸಿ, ಒಂದೇ ಪುಸ್ತಕವನ್ನು ಮೂರು ನಾಲ್ಕು ದಿನ ಓದಿಸಬೇಕು. ‘ಬಾಯಿಪಾಠವಾಗಿಬಿಡುತ್ತದೆ’ ಎಂಬ ಅಂಜಿಕೆ ಬೇಡ.

ಎರಡನೆಯದಾಗಿ, ಎರಡನೆಯ ಹಂತದ ಕಥೆಗಳು ಮತ್ತು ನೆಹರೂ ಬಾಲ ಪುಸ್ತಕಾಲಯದ ಸರಳ ಪುಸ್ತಕಗಳು. ಇಲ್ಲಿ ಒಂದು ಪುಟ ಹಿರಿಯರು, ಒಂದು ಪುಟ ಮಗು ಎಂಬ ಪಾಳಿಯ ಓದು ಒಳ್ಳೆಯದು. ಇಂಗ್ಲಿಷಿನಂತೆ ಕನ್ನಡದಲ್ಲಿ ನೂರು ಪದಗಳ ಪಟ್ಟಿಯಿಂದ ಅರ್ಧ ಭಾಷೆ ಹಿಡಿಯಲಾಗದು. ನಮ್ಮಲ್ಲಿ ಮತ್ತೆ ಮತ್ತೆ ಬರುವುದು ಪದದ ಬಾಲ: ‘ಅನ್ನು’, ‘ಇಂದ’, ‘ಅಲ್ಲಿ’, ‘ಇಗೆ’, ‘ಉತ್ತಾನೆ’. ಈ ಬಾಲಗಳು ಒಂದೇ ನೋಟಕ್ಕೆ ಸಿಗುವಂತಾದರೆ ಓದು ಓಟ ಹಿಡಿಯುತ್ತದೆ.

ಮೂರನೆಯದಾಗಿ, ಚಿತ್ರಕಥೆಗಳು. ಮಾತಿನ ಗುಳ್ಳೆಯಲ್ಲಿರುವ ಚಿಕ್ಕ ವಾಕ್ಯ, ಅದರ ಅರ್ಥವನ್ನು ಸಾರುವ ಚಿತ್ರ, ಎರಡೂ ಸೇರಿ ಮಗುವನ್ನು ಮುಂದಕ್ಕೊಯ್ಯುತ್ತವೆ. ಚಿತ್ರಕಥೆ ಓದಿದರೆ ಮಕ್ಕಳು ಕೆಡುತ್ತಾರೆಂಬ ಹಳೆಯ ಭಯವನ್ನು ಬಿಡಬೇಕು.

ನಾಲ್ಕನೆಯದಾಗಿ, ನಾಲ್ಕು ಐದನೆಯ ತರಗತಿಯ ಹೊತ್ತಿಗೆ ‘ಭಾರತ-ಭಾರತಿ’ಯಂಥ ಕಿರುಜೀವನಚರಿತ್ರೆಗಳು ಮತ್ತು ಹಳೆಯ ‘ಚಂದಮಾಮ’. ಇವುಗಳಲ್ಲಿ ಸಂಸ್ಕೃತ ಪದಗಳು, ದೀರ್ಘ ವಾಕ್ಯಗಳು ಬರುತ್ತವೆ. ಮೊದಲ ಮೂರು ಮೆಟ್ಟಿಲು ಹತ್ತಿದ ಮಗುವಿಗೆ ಇವು ಭಾರವೆನಿಸಲಾರವು.

ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ದಿನವೂ ಆಗಬೇಕು. ತಪ್ಪಾದಾಗ ವಾಕ್ಯ ಮುಗಿಯುವವರೆಗೆ ಕಾದು, ಆಮೇಲೆ ತಿದ್ದಬೇಕು. ಓದಿದ ಮೇಲೆ ಪರೀಕ್ಷೆಯ ಪ್ರಶ್ನೆಗಳನ್ನು ಕೇಳದೆ, ‘ಆ ನರಿಯ ಜಾಗದಲ್ಲಿ ನೀನಿದ್ದಿದ್ದರೆ?’ ಎಂದು ಹರಟಬೇಕು.

ಕಣ್ಣಿನ ವಿಚಾರ

ಓದಲು ಹಿಂಜರಿಯುವ ಮಗುವನ್ನು ಸೋಮಾರಿಯೆಂದು ಕರೆಯುವ ಮೊದಲು ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುವುದು, ಕಣ್ಣನ್ನು ಕಿರಿದು ಮಾಡಿ ನೋಡುವುದು, ಪದೇ ಪದೇ ಉಜ್ಜಿಕೊಳ್ಳುವುದು, ಓದಿನ ನಂತರ ತಲೆನೋವೆನ್ನುವುದು, ಇವು ದೃಷ್ಟಿದೋಷದ ಸೂಚನೆಗಳಾಗಿರಬಹುದು. ತನಗೆ ಸರಿಯಾಗಿ ಕಾಣುತ್ತಿಲ್ಲವೆಂಬುದು ಮಗುವಿಗೇ ತಿಳಿದಿರುವುದಿಲ್ಲ. ಪುಸ್ತಕವು ಕಣ್ಣಿನಿಂದ ಸುಮಾರು ಒಂದು ಅಡಿ ದೂರದಲ್ಲಿರಲಿ, ಬೆಳಕು ಸಾಕಷ್ಟಿರಲಿ. ಜಾಲತಾಣದ ಕಥೆಗಳನ್ನು ಸಾಧ್ಯವಾದಷ್ಟು ಕಾಗದದ ಮೇಲೆ ಮುದ್ರಿಸಿ ಹೊಲಿದುಕೊಡುವುದು ಮೇಲು, ಅಂಗೈಯಗಲದ ಫೋನಿನಲ್ಲಿ ಓದಿಸುವುದು ಸಲ್ಲದು. ದಿನಕ್ಕೆ ಸುಮಾರು ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ತಲೆದೋರುವ ಸಂಭವ ಕಡಿಮೆಯೆಂದು ಅಧ್ಯಯನಗಳು ತಿಳಿಸಿವೆ. ಆದುದರಿಂದ ಆಟವನ್ನು ಕಡಿದು ಓದಿಗೆ ಸಮಯ ಹೊಂದಿಸಬಾರದು. ಮಲಗುವ ಮುನ್ನದ ಹೊತ್ತು ಇದಕ್ಕೆ ಪ್ರಶಸ್ತ. ಪರದೆಯ ಹೊಳಪು ನಿದ್ರೆಯನ್ನು ಮುಂದೂಡುತ್ತದೆ, ತಾಯಿ ಓದಿ ಹೇಳುವ ಕಥೆ ನಿದ್ರೆಯನ್ನು ಕರೆತರುತ್ತದೆ.

ಸಂಘ ಮಾಡಬಹುದಾದುದು

ಒಂದು ಮನೆ ಎಲ್ಲ ಮಾಲೆಗಳನ್ನೂ ಕೊಳ್ಳಲಾರದು, ಹತ್ತು ಮನೆಗಳು ಸೇರಿದರೆ ಅದು ಕಷ್ಟವಲ್ಲ. ನಮ್ಮ ಸಂಘಗಳಲ್ಲಿ ಗ್ರಂಥಾಲಯದ ಕಪಾಟುಗಳಿವೆ. ಅವುಗಳಲ್ಲಿ ಕಾದಂಬರಿಗಳು ತುಂಬಿವೆ. ಕೆಳಗಿನ ಒಂದು ಅರೆಯನ್ನು, ಮಗುವಿನ ಕೈಗೆ ಎಟಕುವಂಥದನ್ನು, ಈ ಮಾಲೆಗಳಿಗೆ ಬಿಟ್ಟುಕೊಡೋಣ. ನಾಲ್ಕು ಹಂತಗಳಿಗೆ ನಾಲ್ಕು ಬಣ್ಣದ ಪಟ್ಟಿ ಅಂಟಿಸೋಣ. ರಜೆಗೆ ಊರಿಗೆ ಹೋದವರು ಬರುವಾಗ ಚಕ್ಕುಲಿ, ಚಟ್ನಿಪುಡಿಗಳ ಜತೆಗೆ ಎರಡು ಮಕ್ಕಳ ಪುಸ್ತಕಗಳನ್ನೂ ತರಲಿ. ಭಾನುವಾರ ಅರ್ಧ ಗಂಟೆ ಮಕ್ಕಳು ಓದಲಿ, ನಿವೃತ್ತರಾದ ಹಿರಿಯರು ಕೇಳಲಿ. ಕೇಳುವವರಿದ್ದಾರೆಂಬುದಕ್ಕಿಂತ ದೊಡ್ಡ ಪ್ರೋತ್ಸಾಹ ಮಗುವಿಗೆ ಇನ್ನೊಂದಿಲ್ಲ. ಹಿರಿಯರಿಗೂ ಅದರಷ್ಟು ಹಿತವಾದ ಔಷಧ ಇನ್ನೊಂದಿರಲಾರದು.

ನನ್ನ ಮಗಳು ಈಗ ಐದನೆಯ ತರಗತಿಯಲ್ಲಿದ್ದಾಳೆ. ಅಜ್ಜಿಗೆ ಹೊಸ ಕನ್ನಡಕ ಬಂದು ಅವರು ಊರಿಗೆ ಮರಳಿ ಬಹಳ ದಿನಗಳಾದವು. ಪ್ರತಿ ಶನಿವಾರ ರಾತ್ರಿ ಮಗಳು ಫೋನಿನಲ್ಲಿ ಅವರಿಗೆ ಒಂದು ಕಥೆಯನ್ನು ಓದಿ ಹೇಳುತ್ತಾಳೆ. ಮೊದಮೊದಲು ಆನೆ, ಇರುವೆಗಳ ಹತ್ತು ಸಾಲಿನ ಕಥೆಗಳು. ಕಳೆದ ತಿಂಗಳಿನಿಂದ ಬೇತಾಳನ ಕಥೆಗಳು. ‘ಎ’ ಇದ್ದಲ್ಲಿ ‘ಏ’ ಎನ್ನುವುದು ಇನ್ನೂ ಪೂರ್ತಿ ಹೋಗಿಲ್ಲ, ಅಜ್ಜಿ ಆ ಕಡೆಯಿಂದ ತಿದ್ದುತ್ತಾರೆ. ಆ ಕಥೆಗಳೆಲ್ಲ ಅವರಿಗೆ ಬಾಯಿಪಾಠ, ಓದಲು ಕನ್ನಡಕವೂ ಇದೆ. ಆದರೂ ಶನಿವಾರ ಎಂಟೂವರೆಗೆ ಫೋನು ಬರದಿದ್ದರೆ ತಾವೇ ಮಾಡಿ, “ಇವತ್ ಕಥಿ ಇಲ್ಲೇನವಾ?” ಎಂದು ಕೇಳುತ್ತಾರೆ.